ಕಿಟಕಿಯ ಕೆಳಗೆ ನಿಲ್ಲುವ ಬಿಳಿ ಕಾರಿಗೆ ಒಂದು ಬಿನ್ನಹ

ಇವರಿಗೆ:
ಶ್ರೀಯುತ ಬಿಳಿ ಕಾರು ಅವರು,
ಸಮುದಾಯ ಭವನದ ಕಿಟಕಿಯ ಕೆಳಗೆ,
ಅಂಚೆ ಕಚೇರಿಯ ಹಿಂದಿನ ಓಣಿ.

ಮಾನ್ಯರೇ,

ತಮ್ಮ ಎಂಜಿನ್ನಿಗೆ ಆಯುರಾರೋಗ್ಯವೂ, ನಾಲ್ಕೂ ಚಕ್ರಗಳಿಗೆ ತಕ್ಕಷ್ಟು ಗಾಳಿಯೂ, ಈಚೆಗೆ ಪೆಟ್ಟಾದ ಹಿಂಬದಿಯ ಬಂಪರಿಗೆ ಬೇಗನೆ ಗುಣವೂ ಸಿಗಲೆಂದು ಮೊದಲಿಗೆ ಹಾರೈಸುತ್ತೇನೆ. ಇಷ್ಟು ದಿನ ತಮ್ಮ ಪಕ್ಕದಲ್ಲೇ ಓಡಾಡಿಕೊಂಡಿದ್ದರೂ ಒಂದು ಸಲವಾದರೂ ನಿಂತು ತಮ್ಮ ಯೋಗಕ್ಷೇಮ ವಿಚಾರಿಸದೆ ಹೋದದ್ದಕ್ಕೆ ಕ್ಷಮೆಯಿರಲಿ. ಈ ಪತ್ರವನ್ನು ತಮ್ಮ ಮಾಲೀಕರಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರೆಯಬಹುದಿತ್ತು, ಆದರೆ ಅವರಿಗೆ ಪುರುಸೊತ್ತಿಲ್ಲ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ತಮ್ಮ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ ಆ ಸಂದಿಯಿಂದ ಅವರೇ ಹಲವು ಬಾರಿ ಅಪ್ಪಣೆ ಕೊಡಿಸಿದ್ದಾರೆ: "ಉಸಿರಾಡೋಕೂ ಟೈಮ್ ಸಿಗಲ್ಲ ಮೇಡಂ." ಹೀಗೆ ಉಸಿರಾಡಲೂ ಬಿಡುವಿಲ್ಲದ ಅವರು ಪ್ರತಿ ಶನಿವಾರ ಸಂಜೆ ನಮ್ಮ ಸ್ಕೌಟ್ ದಳದ ಸಭೆ ಶುರುವಾಗುವ ಮೊದಲಿನಿಂದ ಹಿಡಿದು ನಾನು ಭವನಕ್ಕೆ ಬೀಗ ಹಾಕುವವರೆಗೂ ತಮ್ಮೊಳಗೆ ಸೀಟು ಹಿಂದಕ್ಕೆ ಬಾಗಿಸಿಕೊಂಡು, ಏಸಿ ಹಾಕಿಕೊಂಡು, ಎದೆಯ ಮೇಲೆ ಫೋನು ನಿಲ್ಲಿಸಿಕೊಂಡು ಒರಗಿರುವುದರಿಂದ, ಅಂಥವರಿಗೆ ತೊಂದರೆ ಕೊಡಲು ಮನಸ್ಸು ಬಾರದೆ, ಸದಾ ಎಚ್ಚರವಾಗಿರುವ ತಮ್ಮಲ್ಲೇ ನನ್ನ ಅಹವಾಲನ್ನು ತೋಡಿಕೊಳ್ಳುತ್ತಿದ್ದೇನೆ.

ನನ್ನ ಪರಿಚಯವನ್ನು ಚುಟುಕಾಗಿ ಹೇಳುವುದಾದರೆ, ವಾರದ ದಿನಗಳಲ್ಲಿ ನಾನು ಒಂದು ಹಲ್ಲಿನ ಕ್ಲಿನಿಕ್ಕಿನ ಮುಂಭಾಗದಲ್ಲಿ ಕುಳಿತು ಬರುವವರ ಹೆಸರು ಬರೆದುಕೊಳ್ಳುತ್ತೇನೆ, ಬಾರದವರ ನೆಪ ಕೇಳಿಸಿಕೊಳ್ಳುತ್ತೇನೆ. ಹಲ್ಲು ಕೀಳಿಸಿಕೊಳ್ಳುವ ಭಯಕ್ಕೆ ಸತ್ತ ಅಜ್ಜಿಯನ್ನೇ ಮತ್ತೊಮ್ಮೆ ಸಾಯಿಸಿದವರನ್ನು ಬಲ್ಲೆ. ಶನಿವಾರ ಸಂಜೆ ಮಾತ್ರ ನಾನು ಕುತ್ತಿಗೆಗೆ ಸ್ಕಾರ್ಫ್ ಕಟ್ಟಿಕೊಂಡು, ಸೀಟಿ ತೂಗಿಹಾಕಿಕೊಂಡು ಸ್ಕೌಟ್ ದಳದ ನಾಯಕಿಯಾಗುತ್ತೇನೆ. ಈ ಪದವಿ ನನಗೆ ಒಲಿದ ಬಗೆ ಸ್ವಾರಸ್ಯವಾಗಿದೆ. ನನ್ನ ಅಕ್ಕನ ಮಗನನ್ನು ದಳಕ್ಕೆ ಸೇರಿಸಲೆಂದು ಹೋದ ದಿನ ಪೋಷಕರ ಸಭೆ ನಡೆಯುತ್ತಿತ್ತು; "ಯಾರಾದ್ರೂ ಮುಂದೆ ಬನ್ನಿ" ಎಂದು ಹಳೆಯ ನಾಯಕರು ಅಂಗಲಾಚುತ್ತಿದ್ದಾಗ ಎಲ್ಲರೂ ತಂತಮ್ಮ ಚಪ್ಪಲಿಯನ್ನು ಅಧ್ಯಯನ ಮಾಡುತ್ತಿದ್ದರು; ನಾನು ಪಾಪ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಿಟಕಿಯನ್ನು ಮುಚ್ಚಲೆಂದು ಎದ್ದೆ. ಚಪ್ಪಾಳೆ ಬಿತ್ತು. ಆ ಅಕ್ಕನ ಮಗ ಈಗ ಗಡ್ಡ ಬೋಳಿಸಿಕೊಳ್ಳುತ್ತಾನೆ, ಸ್ಕೌಟು ಬಿಟ್ಟು ವರ್ಷಗಳಾದವು, ನನಗೆ ಮಾತ್ರ ಇನ್ನೂ ಯಾರೂ ಬಿಡುಗಡೆ ಪತ್ರ ಕೊಟ್ಟಿಲ್ಲ.

ಈ ಬಿಟ್ಟಿ ಚಾಕರಿಯ ವೈಭವವನ್ನು ತಾವು ಹೊರಗಿನಿಂದ ಮಾತ್ರ ಕಂಡಿದ್ದೀರಿ. ಒಳಗೆ ಏನಾಗುತ್ತದೆಂದರೆ, ನಮಗಿಂತ ಮುಂಚೆ ವ್ಯಾಯಾಮ ಮಾಡಿ ಹೋದವರು ಹರಡಿಟ್ಟ ಕುರ್ಚಿಗಳನ್ನು ನಾನು ಗೋಡೆಗೆ ಜೋಡಿಸುವಷ್ಟರಲ್ಲಿ ಒಬ್ಬನ ಮೂಗಿನಲ್ಲಿ ರಕ್ತ ಬಂದಿರುತ್ತದೆ, ಇಬ್ಬರು ಒಂದೇ ಸ್ಕಾರ್ಫ್ ತಮ್ಮದೆಂದು ಜಗ್ಗಾಡುತ್ತಿರುತ್ತಾರೆ, ಕಳೆದ ವಾರ ಒಣಗಿಸದೆ ಸುತ್ತಿಟ್ಟ ಡೇರೆಯಿಂದ ಒದ್ದೆ ಗೋಣಿಯ ವಾಸನೆ ಎದ್ದಿರುತ್ತದೆ, ಮತ್ತು ನನ್ನ ಫೋನಿನಲ್ಲಿ ಒಬ್ಬ ತಾಯಿಯ ಸಂದೇಶ ಮಿನುಗುತ್ತಿರುತ್ತದೆ: "ಮೇಡಂ, ಪುಟ್ಟನ ಸ್ವೆಟರ್ ಅಲ್ಲೇ ಬಿಟ್ಟು ಬಂದಿದ್ದಾನೆ, ಹೋಗ್ತಾ ಮನೆಗೆ ಕೊಟ್ಟುಬಿಡ್ತೀರಾ, ದಾರೀಲೇ ತಾನೆ?" ದಾರಿಯಲ್ಲಿ ಅಲ್ಲ, ಊರಿನ ಆ ತುದಿಯಲ್ಲಿ. ಆದರೂ ಕೊಟ್ಟು ಬರುತ್ತೇನೆ, ಏಕೆಂದರೆ ದಿನಕ್ಕೊಂದು ಉಪಕಾರ ಮಾಡಬೇಕೆಂಬುದು ನಮ್ಮ ಸ್ಕೌಟುಗಳ ನಿಯಮ, ಮತ್ತು ನನ್ನ ಪಾಲಿನ ಉಪಕಾರವನ್ನು ಆಯ್ದುಕೊಡುವ ಜವಾಬ್ದಾರಿಯನ್ನು ಪೋಷಕರು ದೊಡ್ಡ ಮನಸ್ಸಿನಿಂದ ವಹಿಸಿಕೊಂಡಿದ್ದಾರೆ.

ಇಷ್ಟನ್ನೂ ಹೇಗೋ ನಿಭಾಯಿಸುತ್ತಿದ್ದೆ, ಏಕೆಂದರೆ ನನ್ನ ಜೊತೆಗೆ ಕಂಡಕ್ಟರ್ ಮಾವ ಇದ್ದರು. ಬಸ್ಸಿನ ಕೆಲಸದಿಂದ ನಿವೃತ್ತರಾದ ಇವರು "ಒಳಗ್ ಹೋಗಿ, ಒಳಗ್ ಹೋಗಿ" ಎಂದು ಒಮ್ಮೆ ಕೂಗಿದರೆ ಎಂಥ ಪುಂಡ ಮಕ್ಕಳೂ ಸಾಲಾಗಿ ನಿಲ್ಲುತ್ತಿದ್ದರು. ಮಂಡಿ ಚಿಕಿತ್ಸೆಗೆಂದು ಅವರು ಮಗಳ ಊರಿಗೆ ಹೋದರು, ಮೊಮ್ಮಕ್ಕಳು ಅವರನ್ನು ಅಲ್ಲೇ ಹಿಡಿದಿಟ್ಟುಕೊಂಡರು. ಸಭೆಯಲ್ಲಿ ಯಾವಾಗಲೂ ಇಬ್ಬರು ವಯಸ್ಕರಿರಬೇಕು ಎಂಬುದು ಜಿಲ್ಲಾ ಕಚೇರಿಯ ನಿಯಮ, ಒಳ್ಳೆಯ ನಿಯಮವೇ. ಹಾಗಾಗಿ ನಾನು ಪೋಷಕರ ಸಭೆ ಕರೆದೆ. ಬಂದವರು ಕೆಲವರು, ಬಾರದವರು ಹಲವರು, ಒಪ್ಪಿದವರು ಯಾರೂ ಇಲ್ಲ. ಶಾಲೆಯ ಮೇಷ್ಟ್ರೊಬ್ಬರು ವಾರವೆಲ್ಲ ಮಕ್ಕಳನ್ನು ನೋಡಿ ಸಾಕಾಗಿದೆ ಎಂದರು. ಗುಮಾಸ್ತರೊಬ್ಬರು ವಾರವೆಲ್ಲ ಮಕ್ಕಳನ್ನೇ ನೋಡದ ತನಗೆ ಅಭ್ಯಾಸವಿಲ್ಲ ಎಂದರು. ಮೈಕಟ್ಟು ಬೆಳೆಸುವ ಜಿಮ್ ನಡೆಸುವವರಿಗೆ ಬೆನ್ನುನೋವು. ಒಬ್ಬರಂತೂ ಎದ್ದು ನಿಂತು, "ನಿಮ್ಮಷ್ಟು ಚೆನ್ನಾಗಿ ಯಾರ ಕೈಲೂ ಆಗಲ್ಲ ಬಿಡಿ ಮೇಡಂ" ಎಂದು ನನ್ನ ಕಿವಿಯ ಮೇಲೆ ಹೂವಿಟ್ಟು, ಅದೇ ಉಸಿರಿನಲ್ಲಿ ಮೆಟ್ಟಿಲಿಳಿದು ಹೋದರು. ಕೊನೆಗೆ ಒಬ್ಬ ತಾಯಿ ಬಹಳ ಪ್ರೀತಿಯಿಂದ, "ನಿಮಗೇನು ಮೇಡಂ, ಮನೇಲಿ ಕಾಯೋರು ಯಾರೂ ಇಲ್ವಲ್ಲ" ಎಂದರು. ಆ ಮಾತಿಗೆ ನಾನು ನಕ್ಕೆ, ಬೇರೇನು ಮಾಡಲಿ? ಮನೆಗೆ ಬಂದ ಮೇಲೆ ಮಾತ್ರ ಬಹಳ ಹೊತ್ತು ಅದು ಚುಚ್ಚುತ್ತಲೇ ಇತ್ತು.

ಈ ಎಲ್ಲರ ನಡುವೆ ನನ್ನ ಕಣ್ಣಿಗೆ ಬಿದ್ದವರು ತಾವು. ಹಾಜರಿಯಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಚಳಿಯಿರಲಿ, ಸೆಕೆಯಿರಲಿ, ಪರೀಕ್ಷೆಯ ಕಾಲವಿರಲಿ, ನಾನು ಬೀಗದಕೈ ಹುಡುಕುತ್ತಾ ಓಡಿಬರುವ ಮೊದಲೇ ತಾವು ಕಿಟಕಿಯ ಕೆಳಗೆ ದೀಪದ ಕಂಬಕ್ಕೆ ಮೈತಾಗಿಸಿಕೊಂಡು ನಿಂತಿರುತ್ತೀರಿ. ತಮ್ಮಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿದೆ, ಅದರ ಪ್ಲಾಸ್ಟಿಕ್ಕನ್ನೂ ಬಿಚ್ಚದಷ್ಟು ಶಿಸ್ತಿದೆ. ಎಂಥ ಕತ್ತಲನ್ನೂ ಸೀಳುವ ದೀಪಗಳಿವೆ, ನನ್ನ ಸೀಟಿಯ ಸದ್ದಿಗಿಂತ ಗಟ್ಟಿಯಾದ ಹಾರನ್ ಇದೆ, ಅಪಾಯ ಬಂದರೆ ಹಿಗ್ಗುವ ಗಾಳಿಚೀಲವಿದೆ. ಯಾರ ಮೇಲೂ ಚಾಡಿ ಹೇಳುವುದಿಲ್ಲ, ವಾಟ್ಸಾಪಿನಲ್ಲಿ ಹೆಬ್ಬೆರಳು ತೋರಿಸಿ ಕೆಲಸ ಮುಗಿಯಿತೆಂದುಕೊಳ್ಳುವುದಿಲ್ಲ. ಇಷ್ಟೆಲ್ಲ ಅರ್ಹತೆಯುಳ್ಳವರು ಗೋಡೆಯ ಆಚೆ ನಿಂತು ಹೊಗೆ ಬಿಡುತ್ತಿರುವಾಗ ನಾನು ಒಳಗೆ ಒಬ್ಬಳೇ ಒದ್ದಾಡುತ್ತಿದ್ದೇನಲ್ಲ ಎಂದು ಎಷ್ಟೋ ಬಾರಿ ಅನ್ನಿಸಿದೆ.

ಇನ್ನು ಆ ಶನಿವಾರದ ದುರ್ಘಟನೆಗೆ ಬರುತ್ತೇನೆ. ಅದಕ್ಕೆ ತಮ್ಮಲ್ಲಿ ಖುದ್ದಾಗಿ ಕ್ಷಮೆ ಕೇಳುವುದು ನನ್ನ ಕರ್ತವ್ಯ. ನಮ್ಮಲ್ಲಿ ಚಿಕ್ಕ ಮಕ್ಕಳ ಗುಂಪೊಂದಿದೆ, ಅವರನ್ನು ಮರಿಗಳು ಎನ್ನುತ್ತೇವೆ. ಸುತ್ತಮುತ್ತ ಕಣ್ಣು ತೆರೆದು ನೋಡಿ, ಯಾರಿಗೆ ಸಹಾಯ ಬೇಕೋ ಕಂಡುಹಿಡಿಯಿರಿ ಎಂದು ನಾನೇ ಅವರಿಗೆ ಪಾಠ ಹೇಳಿದ್ದೆ. ಅವರು ಕಂಡುಹಿಡಿದರು. ಎಲ್ಲದಕ್ಕೂ ವಾದ ಹೂಡುವ ಕಾರಣ ವಕೀಲ ಎಂದೇ ಹೆಸರಾದ ಮರಿಯೊಬ್ಬ ಕಿಟಕಿಯಿಂದ ಇಣುಕಿ ಒಂದು ವರದಿ ಒಪ್ಪಿಸಿದ: ಹೊರಗೊಂದು ಕಾರಿದೆ, ಒಳಗೊಬ್ಬ ಅಂಕಲ್ ಇದ್ದಾರೆ, ಅವರ ಬಾಗಿಲಿಗೆ ದೀಪದ ಕಂಬ ಅಡ್ಡವಾಗಿದೆ, ಎಷ್ಟು ವಾರವಾದರೂ ಅವರು ಹೊರಗೆ ಬಂದಿಲ್ಲ, ಬಾಯಿ ಆಡಿಸುತ್ತಾರೆ, ದನಿ ಕೇಳುವುದಿಲ್ಲ, ನಮ್ಮನ್ನು ಕಂಡರೆ ಕೈ ಬೀಸುತ್ತಾರೆ. ಅಂಕಲ್ ಸಿಕ್ಕಿಹಾಕಿಕೊಂಡಿದ್ದಾರೆ. ಫೋನಿನಲ್ಲಿ ಮಾತಾಡುವವರು ಬಾಯಿ ಆಡಿಸುತ್ತಾರೆಂದಾಗಲಿ, ಕೈ ಬೀಸಿದ್ದು ದೂರ ಹೋಗಿ ಎಂದಾಗಲಿ ಆ ವಯಸ್ಸಿಗೆ ಹೊಳೆಯಲಿಲ್ಲ. ಆ ಕಡೆಯ ಬಾಗಿಲಿನಿಂದ ಬರಬಹುದಲ್ಲ ಎಂದು ಒಂದು ಮರಿ ಅನುಮಾನ ಎತ್ತಿತಂತೆ. ಅದಕ್ಕೆ ವಕೀಲ ಕೊಟ್ಟ ಉತ್ತರವನ್ನು ಇಲ್ಲಿ ಹಾಗೇ ಬರೆಯುತ್ತೇನೆ: "ಬರೋಕಾಗಿದ್ರೆ ಇಷ್ಟೊತ್ತಿಗೆ ಬರ್ತಿರ್ಲಿಲ್ವಾ?"

ನಾನು ಆ ಹೊತ್ತಿನಲ್ಲಿ ಕೈತೊಳೆಯುವ ಜಾಗದಲ್ಲಿ ಒಬ್ಬಳ ಮಂಡಿಗೆ ಪಟ್ಟಿ ಕಟ್ಟುತ್ತಿದ್ದೆ. ಹೊರಗಿನಿಂದ "ಐಸಾ, ಐಸಾ" ಎಂಬ ಕೂಗು ಕೇಳಿ ಹಗ್ಗಜಗ್ಗಾಟ ಆಡುತ್ತಿದ್ದಾರೆಂದುಕೊಂಡೆ. ಆಡುತ್ತಿದ್ದದ್ದೂ ಅದನ್ನೇ, ಎದುರಾಳಿ ಮಾತ್ರ ತಾವಾಗಿದ್ದಿರಿ. ಕಂಬದಿಂದ ಒಂದು ಮಾರು ಹಿಂದಕ್ಕೆ ಎಳೆದರೆ ಬಾಗಿಲು ತೆರೆಯುತ್ತದೆಂಬ ಲೆಕ್ಕಾಚಾರದಲ್ಲಿ ಡೇರೆಯ ದಪ್ಪ ಹಗ್ಗವನ್ನು ತಮ್ಮ ಬಂಪರಿಗೆ ಬಿಗಿದು, ಇಡೀ ಮರಿಗಳ ಗುಂಪು, ಜೊತೆಗೆ ದೊಡ್ಡ ಮಕ್ಕಳಲ್ಲಿ ಕೆಲವರು, ಹಿಮ್ಮಡಿ ಊರಿ ಎಳೆದರು. ತಾವು ಕೈಬ್ರೇಕಿನ ಬಲದಿಂದ ಹೋರಾಡಿದ್ದು ನಿಜಕ್ಕೂ ಶ್ಲಾಘನೀಯ; ಆದರೆ ಬಂಪರು ತಮ್ಮ ಮಾತು ಕೇಳಲಿಲ್ಲ, ಒಂದು ಬದಿಯಿಂದ ಕಿತ್ತು ಜೋತುಬಿತ್ತು. ಆ ಸದ್ದಿಗೆ ನಾನು ಓಡಿಬರುವ ಹೊತ್ತಿಗೆ ತಮ್ಮ ಮಾಲೀಕರು ಪಕ್ಕದ ಸೀಟನ್ನು ತೆವಳಿ ದಾಟಿ ಆ ಕಡೆಯ ಬಾಗಿಲಿನಿಂದ ಹೊರಗೆ ಬಂದರು. ಮಕ್ಕಳು ಚಪ್ಪಾಳೆ ತಟ್ಟಿದರು, ಸೆಲ್ಯೂಟ್ ಹೊಡೆದರು, ನಮ್ಮ ಪದ್ಧತಿಯಂತೆ ಎಡಗೈ ಚಾಚಿ ಕೈಕುಲುಕಲು ಸಾಲುಗಟ್ಟಿದರು. ಒಂದು ಮರಿ ತನ್ನ ನೀರಿನ ಬಾಟಲಿ ಮುಂದಿಟ್ಟು, "ಹೆದರ್ಕೋಬೇಡಿ ಅಂಕಲ್, ಈಗ ಸೇಫ್ ಆಗಿದ್ದೀರ" ಎಂದು ಸಮಾಧಾನ ಹೇಳಿತು. ಅವರು ಕೊಟ್ಟ ಪ್ರತ್ಯುತ್ತರವನ್ನು ಬರೆಯಲು ನನ್ನ ಸ್ಕೌಟ್ ಪ್ರತಿಜ್ಞೆ ಅಡ್ಡಬರುತ್ತದೆ.

ಸೋಮವಾರ ಬೆಳಿಗ್ಗೆಯೇ ಅವರು ಜಿಲ್ಲಾ ಕಚೇರಿಗೆ ದೂರು ಸಲ್ಲಿಸಿದರು. ಉಸಿರಾಡಲೂ ಬಿಡುವಿಲ್ಲದವರು ಅದಕ್ಕೆ ಬಿಡುವು ಮಾಡಿಕೊಂಡದ್ದು ಅವರ ನಾಗರಿಕ ಪ್ರಜ್ಞೆಗೆ ಸಾಕ್ಷಿ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಚೇರಿಯವರು ಕೂಡಲೇ ವಿಚಾರಣೆ ಇಟ್ಟುಕೊಂಡರು. ನನ್ನನ್ನು ಕೂರಿಸಿಕೊಂಡ ಅಧಿಕಾರಿ, ಘಟನೆ ನಡೆದಾಗ ಎರಡನೆಯ ವಯಸ್ಕರು ಎಲ್ಲಿದ್ದರೆಂದು ಕೇಳಿದರು. ನಾನು ಸತ್ಯವನ್ನೇ ಹೇಳಿದೆ, ಕಾರಿನೊಳಗಿದ್ದರು ಎಂದೆ. ಅವರಿಗೆ ನಗು ಬರಲಿಲ್ಲ. "ನಿಯಮ ನಿಯಮಾನೇ ಮೇಡಂ, ಇನ್ನೊಬ್ಬರು ದೊಡ್ಡೋರು ಸಿಗೋವರೆಗೂ ಬಾಗಿಲು ಹಾಕಿ" ಎಂದು ತೀರ್ಪಾಯಿತು. ಈ ತಿಂಗಳು ಮುಗಿಯುವುದರೊಳಗೆ ಯಾರೂ ಸಿಗದಿದ್ದರೆ ಕೆರೆಯ ದಂಡೆಯ ಶಿಬಿರ ರದ್ದು, ದಳವೂ ರದ್ದು, ಮಕ್ಕಳು ಬೇಕಿದ್ದರೆ ಎರಡು ಬಸ್ಸು ಬದಲಾಯಿಸಿ ಆಚೆ ತುದಿಯ ಬಡಾವಣೆಯ ದಳಕ್ಕೆ ಹೋಗಬಹುದಂತೆ. ಎರಡನೆಯವರಾಗಿ ಒಳಗೆ ಬರಬಹುದಾಗಿದ್ದವರೇ, ಎರಡನೆಯವರಿಲ್ಲವೆಂಬ ಕಾರಣಕ್ಕೆ ನಮ್ಮ ಬಾಗಿಲು ಮುಚ್ಚಿಸಿದ ಈ ಚಮತ್ಕಾರವನ್ನು ಮೆಚ್ಚದಿರಲು ಸಾಧ್ಯವೇ?

ಆದ್ದರಿಂದ ಮಾನ್ಯರೇ, ನನ್ನ ಮೊದಲ ಕೋರಿಕೆ ಏನೆಂದರೆ, ಎರಡನೆಯ ವಯಸ್ಕರ ಸ್ಥಾನವನ್ನು ತಾವೇ ಅಲಂಕರಿಸಬೇಕು. ದೊಡ್ಡೋರು ಎಂದಷ್ಟೇ ಅಧಿಕಾರಿ ಹೇಳಿದ್ದು, ಮನುಷ್ಯರೇ ಆಗಬೇಕೆಂದು ಹೇಳಲಿಲ್ಲ. ಗಾತ್ರದಲ್ಲಿ ತಾವು ನಮ್ಮೆಲ್ಲರಿಗಿಂತ ದೊಡ್ಡವರು. ಭವನದ ಜೋಡಿ ಬಾಗಿಲನ್ನು ನಾನು ಟೇಪು ಹಿಡಿದು ಅಳೆದಿದ್ದೇನೆ, ಕನ್ನಡಿಗಳನ್ನು ಮಡಚಿಕೊಂಡರೆ ಸಲೀಸಾಗಿ ಒಳಗೆ ಬರಬಹುದು. ಎಡ ಕನ್ನಡಿಗೆ ಸ್ಕಾರ್ಫ್ ಕಟ್ಟುತ್ತೇವೆ, ಪ್ರತಿಜ್ಞೆಯ ಹೊತ್ತಿಗೆ ಗಾಜಿನ ವೈಪರ್ ಎತ್ತಿದರೆ ಸೆಲ್ಯೂಟ್ ಎಂದು ಒಪ್ಪಿಕೊಳ್ಳುತ್ತೇವೆ. ಇದು ತಮ್ಮ ಘನತೆಗೆ ತಕ್ಕುದಲ್ಲವೆಂದಾದರೆ ಇನ್ನೂ ಸುಲಭದ ಕೋರಿಕೆಯೊಂದಿದೆ: ಒಂದೇ ಒಂದು ಸೆಕೆಯ ಶನಿವಾರ ದಯವಿಟ್ಟು ತಮ್ಮ ಏಸಿಯನ್ನು ಕೆಡಿಸಿಕೊಳ್ಳಿ. ಗ್ಯಾರೇಜಿನವರು ಹುಡುಕಲಾರದಂಥ ಸಣ್ಣ ಕಾಯಿಲೆ ಸಾಕು. ಉಳಿದದ್ದನ್ನು ಬೆವರು ನೋಡಿಕೊಳ್ಳುತ್ತದೆ. ನಮ್ಮ ಭವನದಲ್ಲಿ ಎರಡು ಫ್ಯಾನುಗಳಿವೆ, ಒಂದು ತಿರುಗುತ್ತದೆ.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಇನ್ನೊಬ್ಬರ ಕೈಕಾಲು ಹಿಡಿದು ಹೇಗೋ ಸುಧಾರಿಸುತ್ತಿದ್ದೆ. ತಮ್ಮ ಹಿಂದಿನ ಸೀಟಿನಲ್ಲಿ ಪ್ರತಿ ವಾರ ಬಂದಿಳಿಯುವ ಹುಡುಗಿಯ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವಳು ನಮ್ಮ ದೊಡ್ಡ ಮಕ್ಕಳ ತಂಡದ ನಾಯಕಿ, ಶಿಬಿರ ಅವಳ ಕನಸು. ಒದ್ದೆ ಸೌದೆಯಲ್ಲೂ ಬೆಂಕಿ ಎಬ್ಬಿಸುತ್ತಾಳೆ, ಅಳುವ ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡೇ ಆಟ ಆಡಿಸುತ್ತಾಳೆ. ಏನು ಮಾಡಿದರೂ ಕಿಟಕಿಯ ಹತ್ತಿರವೇ ನಿಂತು ಮಾಡುತ್ತಾಳೆ. ಮೊದಮೊದಲು ನಾನು ಬೆಳಕಿಗಾಗಿ ಎಂದುಕೊಂಡಿದ್ದೆ. ಹಿರಿಯ ಪದಕ ಬಂದಾಗ ಅದನ್ನು ಅಪ್ಪನೋ ಅಮ್ಮನೋ ಮಕ್ಕಳ ಅಂಗಿಗೆ ಚುಚ್ಚುವುದು ನಮ್ಮ ವಾಡಿಕೆ; ಅವಳ ತಾಯಿಗೆ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ, ಬರಲಾಗಲಿಲ್ಲ; ತಮ್ಮ ಗಾಜಿನ ಸಂದಿಯಿಂದ, "ನೀವೇ ಹಾಕ್ಬಿಡಿ ಮೇಡಂ, ಕಾಲ್‌ನಲ್ಲಿದ್ದೀನಿ" ಎಂಬ ಮಾತು ಬಂತು. ನಾನೇ ಹಾಕಿದೆ. ಅವಳು ನನ್ನತ್ತ ನಗುತ್ತಲೇ ಇದ್ದಳು, ನನಗೇ ಅಳು ಬಂತು.

ವಿಚಾರಣೆ ಮುಗಿದ ಮೇಲೆ ಹಗ್ಗವನ್ನು ಸುತ್ತಿಡುವಾಗ ಅದರ ತುದಿಯ ಗಂಟನ್ನು ನೋಡಿದೆ. ಮರಿಗಳಿಗೆ ಬೂಟಿನ ದಾರ ಕಟ್ಟುವುದೇ ಕಷ್ಟ. ಇದು ಎಷ್ಟು ಜಗ್ಗಿದರೂ ಜಾರದ, ಎತ್ತರದಲ್ಲಿ ಸಿಕ್ಕಿಕೊಂಡವರನ್ನು ಇಳಿಸಲು ಬಳಸುವ ಗಂಟು. ನಮ್ಮ ದಳದಲ್ಲಿ ಅದನ್ನು ಒಂದಿಷ್ಟೂ ತಪ್ಪದೆ ಹಾಕುವವಳು ಅವಳೊಬ್ಬಳೇ. ಕರೆದು ಕೇಳಿದೆ. ಸುಳ್ಳು ಹೇಳಲಿಲ್ಲ. "ಅಪ್ಪ ಸಿಕ್ಕಾಕೊಂಡಿಲ್ಲ ಅಂತ ನಂಗೊತ್ತಿತ್ತು ಅಕ್ಕ. ಹಿಂಗಾದ್ರೂ ಹೊರಗೆ ಬರ್ತಾರೇನೋ ಅಂತ ಕಟ್ಟಿದೆ" ಎಂದಳು. ಬಂದರು ಕೂಡ. ನೇರವಾಗಿ ಹೋಗಿ ಬಂಪರನ್ನು ನೋಡಿದರು, ಫೋಟೊ ತೆಗೆದುಕೊಂಡರು. ಹಗ್ಗ ಹಿಡಿದು ನಿಂತವಳನ್ನು ನೋಡಲಿಲ್ಲ. ಇದನ್ನು ನಾನು ಕಚೇರಿಯವರಿಗೆ ತಿಳಿಸಿಲ್ಲ, ತಿಳಿಸುವುದೂ ಇಲ್ಲ. ನನ್ನ ಮೇಲೆ ಏನು ಕ್ರಮ ಬೇಕಾದರೂ ಕೈಗೊಳ್ಳಲಿ. ಈ ಪತ್ರದಲ್ಲಿ ಬರೆಯಲೇ ಎಂದು ಅವಳನ್ನೇ ಕೇಳಿದೆ. "ಬರೀರಿ ಅಕ್ಕ, ಗೋಡೆ ಮೇಲೂ ಅಂಟಿಸಿ. ಅಪ್ಪ ಹೇಗಿದ್ರೂ ಓದಲ್ಲ" ಎಂದಳು.

ಆ ಕೊನೆಯ ಮಾತು ನಿಜವಾಗದಿರಲೆಂದೇ ಈ ಬಹಿರಂಗ ಪತ್ರದ ಒಂದು ಪ್ರತಿಯನ್ನು ಭವನದ ಫಲಕಕ್ಕೂ, ಓಣಿಯಲ್ಲಿ ತಮ್ಮಂತೆಯೇ ಸೇವೆ ಸಲ್ಲಿಸುತ್ತಿರುವ ಇತರ ವಾಹನಗಳಿಗೂ ಹಂಚಿ, ತಮ್ಮ ಪ್ರತಿಯನ್ನು ಮಾತ್ರ ಅಕ್ಷರದ ಮುಖ ಒಳಗೆ ಕಾಣುವಂತೆ ಮುಂದಿನ ಗಾಜಿಗೆ ಅಂಟಿಸಿದ್ದೇನೆ. ಒಳಗಿರುವವರು ದಾರಿ ನೋಡಬೇಕಾದರೆ ಇದನ್ನು ಕೀಳಬೇಕು, ಕೀಳಬೇಕಾದರೆ ಒಮ್ಮೆಯಾದರೂ ಹೊರಗೆ ಬರಬೇಕು. ಹೊರಗೆ ಬಂದಾಗ ಭವನದ ಮೆಟ್ಟಿಲ ಮೇಲೆ ಒಬ್ಬಳು ಕುಳಿತಿರುತ್ತಾಳೆ. ಬಾಗಿಲು ಮುಚ್ಚಿದ್ದರೂ ಅವಳು ಶನಿವಾರ ತಪ್ಪಿಸುತ್ತಿಲ್ಲ, ತಾವೂ ಅವಳನ್ನು ಕರೆತರುವುದನ್ನು ಬಿಟ್ಟಿಲ್ಲ. ಈ ಸಲ ಅವರು ಮೊದಲು ಅವಳ ಕಡೆ ತಿರುಗುವಂತೆ ತಾವು ಏನಾದರೂ ಮಾಡಿ, ಇದೊಂದು ನನ್ನ ನಿಜವಾದ ಬೇಡಿಕೆ.

ತಮ್ಮ ಏಸಿಯ ಅನಾರೋಗ್ಯವನ್ನು ಮನಸಾರೆ ಹಾರೈಸುವ,
ತಮ್ಮ ವಿಶ್ವಾಸಿ,
ಬೀಗದಕೈ ಇನ್ನೂ ಹಿಂದಿರುಗಿಸದ ದಳನಾಯಕಿ

ಮರೆತ ಮಾತು: ಓಣಿಯಲ್ಲಿ ತಾವು ನಿಲ್ಲುವ ಬದಿಯಲ್ಲಿ ವಾಹನ ನಿಲ್ಲಿಸಬಾರದೆಂಬ ಫಲಕವನ್ನು ಪುರಸಭೆಯವರು ಮುಂದಿನ ವಾರ ನೆಡಲಿದ್ದಾರೆ. ಅರ್ಜಿ ಕೊಟ್ಟವಳು ನಾನೇ. ಅದನ್ನು ಮೀರಿ ನಿಂತವರನ್ನು ಅವರ ಕ್ರೇನು ಎಳೆದೊಯ್ಯುತ್ತದಂತೆ. ಆ ಕ್ರೇನಿನವರು ನಮ್ಮ ಮರಿಗಳಷ್ಟು ಮೃದುವಾಗಿ ಎಳೆಯುವವರಲ್ಲ, ಹೊರಗೆ ಬಂದವರಿಗೆ ಚಪ್ಪಾಳೆಯನ್ನೂ ತಟ್ಟುವುದಿಲ್ಲ.